ಗೋಲಿನ ಮುಂದಿನ ಹುಲ್ಲು

ಕೋಟೆಯ ಬಂಡೆಗಳನ್ನು ಮಂಜು ಇನ್ನೂ ಬಿಟ್ಟಿಲ್ಲ. ಚಿತ್ರದುರ್ಗದ ಪೇಟೆ ಮುಗಿದು ಗುಡ್ಡ ಶುರುವಾಗುವ ಕಡೆಯ ಬಯಲಿನಲ್ಲಿ ಎಂಬತ್ತಮೂರು ಕುರಿಗಳು ಅಗಲಕ್ಕೆ ಸಾಲು ಹಿಡಿದು ಮೇಯುತ್ತಿವೆ. ಹುಲ್ಲು ಕಡಿಯುವ ಸಣ್ಣ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕುರಿಗಳ ಹಿಂದೆ ಕಂಬಳಿ ಹೊದ್ದ ಒಂದು ಆಕೃತಿ ನಿಧಾನವಾಗಿ ನಡೆಯುತ್ತದೆ, ನಿಲ್ಲುತ್ತದೆ, ಬಗ್ಗಿ ಏನನ್ನೋ ಎತ್ತಿಕೊಂಡು ಮತ್ತೆ ನಡೆಯುತ್ತದೆ. ನಾನು ನಿಜವಾಗಿ ಎದ್ದು ಬಂದಿದ್ದೇನೋ, ಇನ್ನೂ ಹಾಸಿಗೆಯಲ್ಲೇ ಇದ್ದೇನೋ ಎಂದು ಒಂದು ಗಳಿಗೆ ಅನುಮಾನವಾಗುತ್ತದೆ.

"ಅಲ್ಲೇ ನಿಂತ್ಕಳ್ರಿ ಸ್ವಾಮಿ!" ಮಂಜಿನೊಳಗಿಂದ ಗದರಿಕೆ ಬರುತ್ತದೆ. "ಮೆಟ್ಟು ಬಿಚ್ಚಿ ಬರ್ರಿ. ಹುಡುಗ್ರು ಬರಿಗಾಲಲ್ಲಿ ಓಡೋ ಜಾಗ ಇದು."

ಇವಳೇ ಮಲ್ಲಕ್ಕ. ಕುರುಬರ ಹಟ್ಟಿಯ ಹೆಂಗಸು, ವಯಸ್ಸು ಅರವತ್ತು ದಾಟಿರಬೇಕು. ಆಕೆಯ ಮಡಿಲಿನಲ್ಲಿ ಕಲ್ಲುಗಳಿವೆ. ಕಡಲೆ ಗಾತ್ರದವು, ಹುಣಸೆ ಬೀಜದ ಗಾತ್ರದವು. ಕಣ್ಣಿಗೆ ಪೊರೆ ಬಂದಿರುವುದರಿಂದ ಇಪ್ಪತ್ತು ಮಾರಿನಾಚೆ ಆಕೆಗೆ ಎಲ್ಲವೂ ಮಂಜೇ. ಕಲ್ಲು ಹುಡುಕುವುದು ಕಣ್ಣಿನಿಂದಲ್ಲ, ಅಂಗಾಲಿನಿಂದ. ಹೆಜ್ಜೆ ಊರುತ್ತಾಳೆ, ಚುಚ್ಚಿದರೆ ಬಗ್ಗಿ ಎತ್ತುತ್ತಾಳೆ. ನಾನೂ ಮೆಟ್ಟು ಬಿಚ್ಚಿ ಹತ್ತು ಹೆಜ್ಜೆ ನಡೆದು ನೋಡಿದೆ. ಒಂದು ಕಲ್ಲೂ ಸಿಗಲಿಲ್ಲ, ಕಾಲು ಮಾತ್ರ ತಣ್ಣಗಾಯಿತು.

ಸುಳ್ಳು ಯಾಕೆ ಹೇಳಲಿ, ನಾನು ಬೆಂಗಳೂರಿನಿಂದ ಇಲ್ಲಿಗೆ ಬಂದದ್ದು ಮಲ್ಲಕ್ಕನನ್ನು ಹುಡುಕಿಕೊಂಡಲ್ಲ. ಹಾಕಿ ಆಟ ಎಂದರೆ ಊಟ ಬಿಟ್ಟು ಓಡುವ ಮನುಷ್ಯ ನಾನು. ಪ್ರತಿ ಕಾರ್ತಿಕದಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಶಾಲೆಗಳ ಚಿಕ್ಕ ತಂಡಗಳು, ಅಂದರೆ ಹದಿನಾಲ್ಕು ವರ್ಷದೊಳಗಿನ ಹುಡುಗರು, ತಮ್ಮತಮ್ಮಲ್ಲಿ ಪಂದ್ಯ ಆಡುತ್ತವೆ. ಚಿತ್ರದುರ್ಗದ ಹುಡುಗರಿಗೆ ಆಟ ಕಲಿಸುವ ಡ್ರಿಲ್ ಮೇಷ್ಟ್ರು ಓಬಳೇಶಪ್ಪನವರ ಬಗ್ಗೆ ನಮ್ಮ ಪತ್ರಿಕೆಗೆ ನಾಲ್ಕು ಮಾತು ಬರೆಯೋಣವೆಂದು ಬಂದೆ. ಮೇಷ್ಟ್ರು ನಕ್ಕು ಕೈ ಮುಗಿದುಬಿಟ್ಟರು. "ನನ್ನ ಬಗ್ಗೆ ಬರೆಯೋಕೆ ಏನೈತೆ ಸ್ವಾಮಿ? ಸೀಟಿ ಊದ್ತೀನಿ, ಬೈತೀನಿ, ಅಷ್ಟೇ. ನಾಳೆ ಕೋಳಿ ಕೂಗೋ ಹೊತ್ತಿಗೆ ಬಯಲಿಗೆ ಹೋಗ್ರಿ. ಅಲ್ಲಿ ಒಬ್ಬಾಕೆ ಇರ್ತಾಳೆ," ಎಂದರು.

ಹಾಗೆ ಬಂದವನು ಮೂರು ದಿನ ಇಲ್ಲೇ ಉಳಿದಿದ್ದೇನೆ.

ಮಲ್ಲಕ್ಕನ ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾಗಿದೆ. ಹೆಣ್ಣುಮಕ್ಕಳಿಬ್ಬರು ಮದುವೆಯಾಗಿ ಹೊಸದುರ್ಗದ ಕಡೆ ಇದ್ದಾರೆ. ಹಟ್ಟಿಯವರೆಲ್ಲ ಕುರಿ ಹೊಡೆದುಕೊಂಡು ಊರೂರು ಸುತ್ತುವಾಗ ಮಲ್ಲಕ್ಕ ಮಾತ್ರ ಬೆಟ್ಟದ ಬುಡ ಬಿಟ್ಟು ಹೋಗುವುದಿಲ್ಲ. ಈ ಬಯಲಿಗೆ ಆಕೆ ಬಂದದ್ದು ಆರು ವರ್ಷದ ಹಿಂದೆ. ಬಂದದ್ದೂ ಆಟ ನೋಡಲಿಕ್ಕಲ್ಲ, ಬಯ್ಯಲಿಕ್ಕೆ.

"ನನ್ನ ಟಗರಿನ ಕೊಂಬಿಗೆ ಚೆಂಡು ಬಂದು ಬಡೀತು ಸ್ವಾಮಿ. ಅದು ಬೆದರಿ ಓಡ್ತು, ಮಂದೆ ಎಲ್ಲ ಅದರ ಹಿಂದೆ ಓಡ್ತು. ಯಾರ್ಲೇ ಅದು ಅಂತ ಕೋಲು ತಗಂಡು ಬಂದೆ. ನೋಡಿದ್ರೆ, ನನ್ನ ಮೊಣಕಾಲಷ್ಟು ಎತ್ತರದ್ದೊಂದು ಹುಡುಗ. ಅಂಗಾಲಲ್ಲಿ ರಕ್ತ ಸೋರ್ತಾ ಐತೆ, ಕಲ್ಲು ಹೆಟ್ಟಿ. ಆದ್ರೂ ಅಳ್ತಿರೋದು ಕಾಲಿಗಲ್ಲ. 'ಅಜ್ಜೀ, ಚೆಂಡು ಕೊಡಜ್ಜಿ, ಒಂದೇ ಐತೆ' ಅಂತ ಅಳ್ತೈತೆ. ಬಯ್ಯಾಕೆ ಬಂದೋಳು ಏನು ಬಯ್ಯಲಿ ಹೇಳ್ರಿ?"

ಬಯ್ಯಲಿಲ್ಲ. ಮಾರನೆಯ ಬೆಳಗ್ಗೆ ಬಂದು ಕಲ್ಲು ಆರಿಸಿದಳು. ಅಂದಿನಿಂದ, ಹೋದ ವರ್ಷದ ಒಂದು ತಿಂಗಳು ಬಿಟ್ಟರೆ, ಒಂದು ದಿನ ತಪ್ಪಿಲ್ಲ.

ಬಯಲು ಉದ್ದಕ್ಕೆ ನೂರಿಪ್ಪತ್ತು ಹೆಜ್ಜೆ, ಅಗಲಕ್ಕೆ ಎಪ್ಪತ್ತು. ಕುರಿಗಳನ್ನು ಉತ್ತರದ ಗೋಲಿನಿಂದ ದಕ್ಷಿಣದ ಗೋಲಿನವರೆಗೆ ಮೇಯಿಸಿ, ಮತ್ತೆ ಹಿಂದಕ್ಕೆ ತಿರುಗಿಸುತ್ತಾಳೆ. ಬೆಳಗಿನಲ್ಲಿ ಇಂಥ ಐದು ಸರದಿ. ಸಾಲು ಮುರಿಯುವ ಕುರಿಗೆ "ಹುರ್ರ್" ಎಂಬ ಒಂದೇ ಸದ್ದು ಸಾಕು. ಹುಲ್ಲು ಬೆರಳಿನ ಗೆಣ್ಣಿಗಿಂತ ಎತ್ತರ ಬೆಳೆಯುವಂತಿಲ್ಲ. ದಿನಕ್ಕೆ ಒಂದು ಬುಟ್ಟಿ ಕಲ್ಲು. ಮೂಲೆಯಲ್ಲಿ ಸುರಿದ ರಾಶಿ ಈಗ ನನ್ನ ಎದೆಯ ಮಟ್ಟಕ್ಕಿದೆ. ಒಟ್ಟು ಎಷ್ಟು ಬುಟ್ಟಿ ಆಗಿರಬಹುದು ಎಂದು ಕೇಳಿದರೆ ಆಕೆಗೆ ನಗು.

"ಎಣಿಸಿದ್ರೆ ಹುಟ್ಟೋದು ನಿಲ್ತಾವಾ? ಈ ದುರ್ಗದ ನೆಲ ದಿನಾ ಕಲ್ಲು ಹೆರ್ತೈತೆ ಸ್ವಾಮಿ. ನಾನು ಸೂಲಗಿತ್ತಿ ಇದ್ದಂಗೆ, ಎತ್ಕಳ್ಳೋದು."

ಹಳೆಯ ಕಂಬಳಿ ಕತ್ತರಿಸಿ, ಒಳಗೆ ಉಣ್ಣೆ ತುಂಬಿ, ಗೋಲು ಕಾಯುವ ಹುಡುಗನಿಗೆ ಚೆಂಡಿನ ಏಟು ತಡೆಯುವ ಕಾಲುಗಾಪು ಹೊಲಿದುಕೊಟ್ಟವಳೂ ಇವಳೇ. ಬೆಂಗಳೂರಿನ ಅಂಗಡಿಯಲ್ಲಿ ಸಿಗುವ ಬಿಳಿಯ ಕಾಲುಗಾಪುಗಳು ದೊಡ್ಡ ತಂಡಕ್ಕೆ ಬರುತ್ತವೆ. ಚಿಕ್ಕ ತಂಡಕ್ಕೆ ದೊಡ್ಡವರು ಮುರಿದು ಬಿಟ್ಟ ಕೋಲುಗಳು, ಹುರಿ ಸುತ್ತಿ ಗಟ್ಟಿ ಮಾಡಿದಂಥವು. ದೊಡ್ಡ ತಂಡಕ್ಕೆ ಆಡಲು ಪೊಲೀಸರ ಮೈದಾನವಿದೆ, ಚಿಕ್ಕವರಿಗೆ ಈ ಬಯಲೊಂದೇ.

ಈಗ ಆ ಬಯಲಿಗೇ ಸಂಚಕಾರ ಬಂದಿದೆ. ಹೋದ ಎರಡು ವರ್ಷದಲ್ಲಿ ಚಿಕ್ಕ ತಂಡ ಆರು ಪಂದ್ಯ ಆಡಿ ಆರೂ ಸೋತಿದೆ. ಈ ವರ್ಷ ಹಿರಿಯೂರಿನ ಮೇಲೆ ಸೋತಾಯಿತು, ಹೊಸದುರ್ಗದ ಮೇಲೂ ಸೋತಾಯಿತು. ಉಳಿದಿರುವುದು ಹೊಳಲ್ಕೆರೆಯ ಪಂದ್ಯ ಮಾತ್ರ. ಶಾಲೆಯ ಕಮಿಟಿಯವರು ಮೇಷ್ಟ್ರಿಗೆ ಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಇದನ್ನೂ ಸೋತರೆ ಚಿಕ್ಕ ತಂಡಕ್ಕೆ ಮಂಗಳ. ಹುಡುಗರು ಡ್ರಿಲ್ ಮಾಡಿಕೊಂಡಿರಲಿ, ಬಯಲು ಹತ್ತಿ ಗಾಡಿಗಳು ನಿಲ್ಲುವುದಕ್ಕೆ ಆಗುತ್ತದೆ. ಕಮಿಟಿಯ ಹಿರಿಯರಾದ ರೇವಣಸಿದ್ದಪ್ಪನವರು ಹತ್ತಿ ವರ್ತಕರು. ಕೆಟ್ಟವರೇನಲ್ಲ. ನಾನು ಕೇಳಿದಾಗ, "ಸೋಲಾಕೆ ಅಂತ ಇಷ್ಟು ದೊಡ್ಡ ಜಾಗ ಯಾಕೆ ಬೇಕು, ನೀವೇ ಹೇಳ್ರಿ?" ಎಂದು ನನ್ನನ್ನೇ ಕೇಳಿದರು. ನನಗೆ ಸಿಟ್ಟು ಬಂತು. ಚಿಕ್ಕ ತಂಡವೇ ಇಲ್ಲದಿದ್ದರೆ ಮೂರು ವರ್ಷದ ಮೇಲೆ ದೊಡ್ಡ ತಂಡ ಎಲ್ಲಿಂದ ಬರಬೇಕು ಎಂದು ಕೇಳಬೇಕಿತ್ತು. ಅವರ ಮನೆಯ ಕಾಫಿ ಕುಡಿಯುತ್ತಾ ಕೂತಿದ್ದರಿಂದ ಕೇಳಲಾಗಲಿಲ್ಲ.

ಮಲ್ಲಕ್ಕನಿಗೆ ಮಾತ್ರ ಈ ಹುಡುಗರ ಮೇಲೆ ಅಪಾರ ಭರವಸೆ. ಸಂಜೆ ಹೊತ್ತು ಉತ್ತರದ ಗೋಲಿನ ಪಕ್ಕದ ಹೊಂಗೆ ಮರದಡಿ ಕೂತು ಆಟ ಕೇಳುತ್ತಾಳೆ. ನೋಡುತ್ತಾಳೆ ಎನ್ನುವಂತಿಲ್ಲ, ಕೇಳುತ್ತಾಳೆ. ಕೋಲಿಗೆ ಚೆಂಡು ತಾಗಿದ ಸದ್ದಿನಲ್ಲೇ ಹೊಡೆದವನು ಯಾರೆಂದು ಹೇಳಬಲ್ಲಳು. ನಾನು ಹತ್ತು ಸಲ ಪರೀಕ್ಷೆ ಮಾಡಿದೆ, ಎಂಟು ಸಲ ಸರಿಯಾಯಿತು.

"ಅಂಜನಪ್ಪ ಐತಲ್ಲ, ಯಲ್ಲದಕೆರೆ ಹುಡುಗ, ಅದು ಮುಂದಿನ ಕುರಿ. ಅದು ಓಡಿದ್ರೆ ಎಲ್ಲ ಓಡ್ತಾವೆ. ಆದ್ರೆ ಒಂದು ಖೋಡಿ ಬುದ್ಧಿ ಐತೆ ಸ್ವಾಮಿ. ಚೆಂಡು ಸಿಕ್ತಿದ್ದಂಗೆ ಹಿಂದೆ ತಿರುಗಿ ನೋಡ್ತೈತೆ, ಗೆಳೆಯರು ಬಂದ್ರಾ ಇಲ್ವಾ ಅಂತ. ಅಷ್ಟರಾಗೆ ಬ್ಯಾರೆಯೋರು ಕಿತ್ಕಂಡು ಹೋಗ್ತಾರೆ. ಮುಂದಿನ ಕುರಿ ಹಿಂದೆ ನೋಡಿದ್ರೆ ಮಂದೆ ನಿಂತೋಗ್ತೈತೆ ಅಂತ ಎಷ್ಟು ಸಲ ಹೇಳೀನಿ."

"ಗೋಲು ಕಾಯುವವನು?"

"ಮೂಡಲಗಿರಿಯಪ್ಪ. ಜವನಗೊಂಡನಹಳ್ಳಿದು. ಅದು ಬಂಗಾರ." ಆಮೇಲೆ ತಾನಾಗಿಯೇ, "ಅದಕ್ಕೆ ನಾನೊಂದು ಅನ್ಯಾಯ ಮಾಡೀನಿ," ಎಂದಳು.

ಆ ಅನ್ಯಾಯದ ಕತೆ ಹೀಗಿದೆ. ನಮ್ಮ ಕಡೆ ಹೊಲಕ್ಕೆ ಮಂದೆ ಹಾಕಿಸುವುದು ಎಲ್ಲರಿಗೂ ಗೊತ್ತು. ರಾತ್ರಿ ಕುರಿಗಳನ್ನು ಹೊಲದಲ್ಲಿ ತಂಗಿಸಿದರೆ ಅವುಗಳ ಹಿಕ್ಕೆ, ಗಂಜಲ ಬಿದ್ದು ನೆಲ ಹುಲುಸಾಗುತ್ತದೆ. ಮಂದೆ ಹಾಕಿ ಎಂದು ರೈತರು ಕುರುಬರ ಹಟ್ಟಿಗೆ ಬಂದು ಕರೆಯುತ್ತಾರೆ, ಕರೆದು ಕಾಳು ಕೊಡುತ್ತಾರೆ. ಹೋದ ವರ್ಷ ಹೊಳಲ್ಕೆರೆಯ ಪಂದ್ಯಕ್ಕೆ ಮುಂಚೆ, ಯಾರೂ ಕರೆಯದೆ, ಯಾರಿಗೂ ಹೇಳದೆ, ಮಲ್ಲಕ್ಕ ಉತ್ತರದ ಗೋಲಿನ ಮುಂದೆ ಮೂರು ರಾತ್ರಿ ಮಂದೆ ಹಾಕಿದಳು. ಮೂಡಲಗಿರಿಯಪ್ಪ ನಿಲ್ಲುವ ಜಾಗ ಅದೇ ಎಂದು ಆಕೆಗೆ ಗೊತ್ತಿತ್ತು. ನೆಲಕ್ಕೆ ತನ್ನ ಕೈಲಾದ ದೊಡ್ಡ ಉಪಕಾರ ಮಾಡಿದೆನೆಂದುಕೊಂಡಳು.

ಪಂದ್ಯದ ದಿನ ಚೆಂಡು ಹಿಕ್ಕೆಗೆ ತಾಗಿ ಕುಪ್ಪಳಿಸಿತು. ಹೋಗಬೇಕಾದ ಕಡೆ ಹೋಗಲಿಲ್ಲ, ಹೋಗಬಾರದ ಕಡೆ ಹೋಯಿತು. ಮೂಡಲಗಿರಿಯಪ್ಪ ಎರಡು ಸಲ ಜಾರಿ ಬಿದ್ದ. ಐದು ಗೋಲು ಆಯಿತು. ಹೊಳಲ್ಕೆರೆಯ ಹುಡುಗರು ಮೂಗು ಮುಚ್ಚಿಕೊಂಡು ಗಾಡಿ ಹತ್ತಿದರಂತೆ. ಮೇಷ್ಟ್ರು ಎಲ್ಲರೆದುರಿಗೆ ಕೂಗಾಡಿದರು. ಪಂದ್ಯದ ವಾರ ಒಂದು ಕುರಿಯ ಕಾಲೂ ಇಲ್ಲಿ ಬೀಳಕೂಡದು ಎಂದರು.

"ನಾನು ಏನು ಕಂಡಿದ್ದೆ ಸ್ವಾಮಿ? ನೆಲ ಅಂದ್ರೆ ಬೆಳೆಯಾಕೆ ಇರೋದು ಅಂತ ತಿಳ್ಕಂಡಿದ್ದೆ. ಆಡಾಕೂ ನೆಲ ಇರ್ತೈತೆ ಅಂತ ನನಗೆ ಯಾರು ಹೇಳಿದ್ರು?" ಎನ್ನುತ್ತಾಳೆ. ಆಕೆಯ ಕಣ್ಣಲ್ಲಿ ನೀರು ಬಂದದ್ದನ್ನು ಕಂಡೆ. ಒಂದು ತಿಂಗಳು ಬಯಲಿನ ಕಡೆ ಮುಖ ಹಾಕಲಿಲ್ಲವಂತೆ. ಹುಲ್ಲು ಮೊಣಕಾಲಿಗೆ ಬಂದಾಗ ಹುಡುಗರೇ ಹಟ್ಟಿಗೆ ಹೋಗಿ, ಬಾರಜ್ಜಿ ಎಂದು ಕೈ ಹಿಡಿದು ಕರೆತಂದರು. ಎಲ್ಲರಿಗಿಂತ ಮುಂದೆ ನಿಂತವನು ಮೂಡಲಗಿರಿಯಪ್ಪ.

ಆ ಮೂರು ರಾತ್ರಿಯ ಗುರುತು ಇನ್ನೂ ಹೋಗಿಲ್ಲ. ಉತ್ತರದ ಗೋಲಿನ ಮುಂದೆ ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ ಹುಲ್ಲು ಕಡುಹಸಿರಾಗಿ, ಗೇಣುದ್ದ ಬೆಳೆದಿದೆ. ತಾವು ಹಿಕ್ಕೆ ಹಾಕಿದ ಕಡೆಯ ಹುಲ್ಲಿಗೆ ಕುರಿ ಬಾಯಿಡುವುದಿಲ್ಲವಂತೆ. ಇದನ್ನು ಕುಡುಗೋಲಿನಲ್ಲೇ ಕೊಯ್ಯಬೇಕು. ಕೊಯ್ದರೆ ಹದಿನೈದು ದಿನಕ್ಕೆ ಮತ್ತೆ ಎದ್ದು ನಿಲ್ಲುತ್ತದೆ. ನಾನು ಮೊದಲ ಸಲ ಬಯಲಿಗೆ ಬಂದ ದಿನ ಸಂಜೆ ಮೇಷ್ಟ್ರು ಅದನ್ನು ಕಾಲಿನಿಂದ ತೋರಿಸಿ, "ಮಲ್ಲಕ್ಕ, ನಾಡಿದ್ದು ಪಂದ್ಯ. ಇದನ್ನ ನೆಲಮಟ್ಟ ತೆಗೆದುಬಿಡವ್ವ, ಮರೀಬ್ಯಾಡ," ಎಂದರು. "ಪಂದ್ಯದ ದಿನ ಬೆಳಿಗ್ಗೆ ತೆಗೀತೀನಿ ಮೇಷ್ಟ್ರೆ. ಈಗಲೇ ಕೊಯ್ದ್ರೆ ಕೂಳೆ ಹುಡುಗ್ರ ಕಾಲಿಗೆ ಚುಚ್ತೈತೆ, ಅವತ್ತು ಕೊಯ್ದು ಮಣ್ಣು ಎಳೆದುಬಿಡ್ತೀನಿ," ಎಂದಳು ಮಲ್ಲಕ್ಕ.

ಪಂದ್ಯದ ಹಿಂದಿನ ಸಂಜೆ ಜೋಗಿಮಟ್ಟಿಯ ಗುಡ್ಡದ ಕಡೆಯಿಂದ ಮೋಡ ಕಟ್ಟಿಕೊಂಡು ಬಂತು. ಅಬ್ಬಬ್ಬಾ, ಕಾರ್ತಿಕದಲ್ಲಿ ಅಂಥ ಮಳೆಯನ್ನು ನಾನು ಕಂಡಿಲ್ಲ. ಎರಡು ಗಂಟೆ ಹೊತ್ತು ಹೊಡೆದು ನಿಂತಿತು.

ಬೆಳಗ್ಗೆ ಬಯಲಿಗೆ ಹೋದರೆ ಕಾಲು ಹಿಮ್ಮಡಿಯವರೆಗೆ ಹೂತುಹೋಗುತ್ತದೆ. ಹನ್ನೊಂದು ಹುಡುಗರು ಬಿದಿರು ಗಳದ ಗೋಲಿಗೆ ಒರಗಿ ಸಾಲಾಗಿ ನಿಂತಿದ್ದಾರೆ. ಪಂದ್ಯದ ಕರಾರು ಎಲ್ಲರಿಗೂ ಗೊತ್ತು. ಮಧ್ಯಾಹ್ನ ಮೂರು ಗಂಟೆಯೊಳಗೆ ಆಡುವ ಹಾಗೆ ಬಯಲನ್ನು ಸಿದ್ಧ ಮಾಡದಿದ್ದರೆ ಬಯಲಿನವರು ಸೋತಂತೆ. ಮೇಷ್ಟ್ರು ಸೀಟಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಅತ್ತಿಂದಿತ್ತ ನಡೆಯುತ್ತಾರೆ. ಆಡದೆಯೇ ಒಂಬತ್ತನೆಯ ಸೋಲು ಬಂತಲ್ಲಪ್ಪ ಶಿವನೇ ಎಂದುಕೊಳ್ಳುತ್ತೇನೆ.

ಮಲ್ಲಕ್ಕ ಬಯಲಿನ ಅಂಚಿನಾಚೆ ಮಂದೆ ನಿಲ್ಲಿಸಿಕೊಂಡು ಕಾಯುತ್ತಿದ್ದಾಳೆ. ಪಂದ್ಯದ ವಾರ ಕುರಿ ಒಳಗೆ ಬರುವಂತಿಲ್ಲವಲ್ಲ, ಹಿಂದಿನ ಎರಡು ಬೆಳಗು ಮೇಷ್ಟ್ರು ಕಂಡೂ ಕಾಣದ ಹಾಗೆ ಇದ್ದರು ಅಷ್ಟೇ. ಇವತ್ತು ಆಕೆಗೆ ಧೈರ್ಯವಿಲ್ಲ. ಅಲ್ಲಿಂದಲೇ ಕೂಗುತ್ತಾಳೆ.

"ಮೇಷ್ಟ್ರೇ, ಒಂದು ಮಾತು. ಕುರಿ ಬಿಡ್ಲಾ?"

"ಇನ್ನೂ ಸಾಲ್ದಾ ಮಲ್ಲಕ್ಕ?" ಮೇಷ್ಟ್ರು ನಡೆಯುವುದನ್ನು ನಿಲ್ಲಿಸುತ್ತಾರೆ.

"ಮೇಯಾಕಲ್ಲ ಮೇಷ್ಟ್ರೆ, ತುಳಿಯಾಕೆ. ಮುನ್ನೂರ ಮೂವತ್ತೆರಡು ಕಾಲು ಅವೆ. ಗೊರಸು ಸಣ್ಣದು, ನೆಲ ಒಳಗಿಂದ ಗಟ್ಟಿಯಾಗ್ತೈತೆ. ನಮ್ಮ ಹಟ್ಟಿ ಕಣ ಮಾಡೋದೇ ಹಿಂಗೆ."

ಮೇಷ್ಟ್ರು ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಹೂಂ ಎಂದು ತಲೆಯಾಡಿಸಿದರು.

ಮಲ್ಲಕ್ಕ ಅವಸರ ಮಾಡಲಿಲ್ಲ. ಒಂದು ಹಿಡಿ ಮಣ್ಣು ತೆಗೆದು ಹಿಂಡಿ, ಕೆಳಕ್ಕೆ ಬಿಟ್ಟಳು. ಉಂಡೆ ಉಂಡೆಯಾಗಿಯೇ ಬಿತ್ತು. "ಇನ್ನೂ ಹದ ಬಂದಿಲ್ಲ. ಈಗ ತುಳಿಸಿದ್ರೆ ಕೆಸರಾಗ್ತೈತೆ," ಎಂದು ಕೂತಳು. ಗಳಿಗೆಗೊಮ್ಮೆ ಎದ್ದು ಹಿಂಡುತ್ತಾಳೆ, ಬಿಡುತ್ತಾಳೆ, ಕೂರುತ್ತಾಳೆ. ಬಿಸಿಲು ಬಂಡೆಗಳ ನೆತ್ತಿಗೆ ಏರಿದಾಗ ಉಂಡೆ ನೆಲಕ್ಕೆ ಬಿದ್ದು ಎರಡು ಹೋಳಾಯಿತು. "ಈಗ!" ಎಂದಳು.

ಮುಂದಿನದನ್ನು ಕನಸು ಎಂದರೂ ನೀವು ನಂಬುತ್ತೀರಿ. ಒದ್ದೆ ಬಯಲಿನಿಂದ ಹಬೆ ಏಳುತ್ತಿದೆ. ಆ ಹಬೆಯೊಳಗೆ ಎಂಬತ್ತಮೂರು ಕುರಿಗಳು ಒತ್ತೊತ್ತಾಗಿ ಹೋಗುತ್ತವೆ, ಮರೆಯಾಗುತ್ತವೆ, ಮತ್ತೆ ಬರುತ್ತವೆ. ಮುಂದೆ ಮಲ್ಲಕ್ಕ, ಹಿಂದೆ ಕುರಿಗಳನ್ನು ಒತ್ತರಿಸುತ್ತಾ ಹುಡುಗರು. ನೆಲದಿಂದ ಸಣ್ಣಗೆ ತಬತಬ ಸದ್ದು. ನೂರಿಪ್ಪತ್ತು ಹೆಜ್ಜೆ ಅತ್ತ, ನೂರಿಪ್ಪತ್ತು ಹೆಜ್ಜೆ ಇತ್ತ. ಎಷ್ಟು ಸಲವೋ ಲೆಕ್ಕ ತಪ್ಪಿತು. ಮಧ್ಯಾಹ್ನದ ಹೊತ್ತಿಗೆ ನಾನು ಕಾಲೂರಿ ನೋಡಿದರೆ ಹಿಮ್ಮಡಿಯ ಗುರುತೂ ಮೂಡಲಿಲ್ಲ.

ನೆಲ ಗಟ್ಟಿಯಾಯಿತು. ಆದರೆ ಕುರಿಗಳು ತಮ್ಮ ಕೆಲಸವನ್ನೂ ಮಾಡಿ ಹೋಗಿದ್ದವು, ಬಯಲ ತುಂಬ ಹಿಕ್ಕೆ! ಮೂಡಲಗಿರಿಯಪ್ಪ ಹೋದ ವರ್ಷದ್ದನ್ನು ನೆನೆದು ನಕ್ಕೇಬಿಟ್ಟ. "ಬರ್ರಲೇ, ಆರಿಸಾಣ," ಎಂದು ಮೊದಲು ಬಗ್ಗಿದವನೂ ಅವನೇ. ಹನ್ನೊಂದು ಹುಡುಗರು, ಮೇಷ್ಟ್ರು, ಮಲ್ಲಕ್ಕ, ಕೊನೆಗೆ ಬೆಂಗಳೂರಿನ ಪತ್ರಿಕೆಯವನಾದ ನಾನೂ ಪಂಚೆ ಎತ್ತಿ ಕಟ್ಟಿ ಬುಟ್ಟಿ ಹಿಡಿದೆವು. ಕಡೆಯ ಬುಟ್ಟಿ ಸುರಿಯುವುದಕ್ಕೂ ಹೊಳಲ್ಕೆರೆಯ ಗಾಡಿಗಳ ಗಂಟೆಯ ಸದ್ದು ಕೇಳುವುದಕ್ಕೂ ಸರಿಹೋಯಿತು. ಸುಣ್ಣದ ಗೆರೆ ಎಳೆಯುವಷ್ಟೇ ಪುರಸತ್ತು ಉಳಿದಿತ್ತು.

ಪೇಟೆಯ ಜನ ಬಂದರು. ರೇವಣಸಿದ್ದಪ್ಪನವರು ಛತ್ರಿ ಹಿಡಿದು ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಹೊಂಗೆ ಮರದಡಿ ಮಲ್ಲಕ್ಕನ ಪಕ್ಕ ಕೂತೆ. ಸೀಟಿ ಊದಿತು. ಅದೇ ಗಳಿಗೆಗೆ ಮಲ್ಲಕ್ಕ ಸೊಂಟ ಮುಟ್ಟಿ ನೋಡಿಕೊಂಡು, "ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ!" ಎಂದಳು. ಕುಡುಗೋಲು ಸೊಂಟದಲ್ಲೇ ಇತ್ತು. ಕುರಿಗಳ ತುಳಿತಕ್ಕೆ ಬಾಗಿದ್ದ ಹುಲ್ಲು ಬಿಸಿಲಿಗೆ ಮತ್ತೆ ಎದ್ದು ಗೋಲಿನ ಮುಂದೆ ಗೇಣುದ್ದ ನಿಂತೇ ಇತ್ತು.

ಮೊದಲ ಅರ್ಧದಲ್ಲಿ ಉತ್ತರದ ಗೋಲು ಹೊಳಲ್ಕೆರೆಯವರದು. ನಾನು ಮಲ್ಲಕ್ಕನಿಗೆ ಕಣ್ಣಾದೆ. "ಅಂಜನಪ್ಪನ ಹತ್ತಿರ ಇದೆ, ಬರುತ್ತಿದ್ದಾನೆ, ಹೊಡೆದ..." ಎನ್ನುವಷ್ಟರಲ್ಲಿ ಚೆಂಡು ಆ ಹುಲ್ಲಿಗೆ ನುಗ್ಗಿ, ಗೋಲಿನಿಂದ ಮೊಳ ದೂರದಲ್ಲಿ ನಿಂತುಬಿಟ್ಟಿತು. ಹೊಳಲ್ಕೆರೆಯವನು ಬಂದು ಆಚೆಗೆ ಹೊಡೆದ. ಮೇಷ್ಟ್ರು ತಿರುಗಿ ನಮ್ಮ ಕಡೆ ನೋಡಿದ ನೋಟ ನನಗೇ ಚುಚ್ಚಿತು. ಮಲ್ಲಕ್ಕನಿಗೆ ಅಷ್ಟು ದೂರ ಕಾಣದಿದ್ದುದು ಪುಣ್ಯ. ಆದರೆ ಆಕೆ ಕೇಳಿಸಿಕೊಂಡಿದ್ದಳು. "ಸದ್ದು ನಿಂತೋಯ್ತು. ಹುಲ್ಲಿಗೆ ಬಿತ್ತಾ?" ಎಂದಳು. ಹೌದೆಂದೆ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಎರಡನೇ ಸಲ ಸ್ವಾಮಿ. ಎರಡನೇ ಸಲ ಅವರನ್ನ ನಾನೇ ಮುಳುಗಿಸ್ದೆ."

ಅದಾಗಿ ಸ್ವಲ್ಪ ಹೊತ್ತಿಗೆ ದಕ್ಷಿಣದ ಗೋಲಿನಲ್ಲಿ, ಬೋಳು ನೆಲದ ಮೇಲೆ, ಹೊಳಲ್ಕೆರೆಯವರು ಒಂದು ಗೋಲು ಹೊಡೆದರು. ರೇವಣಸಿದ್ದಪ್ಪನವರು ಛತ್ರಿ ಮಡಿಸಿದರು.

ಅರ್ಧ ಆಟಕ್ಕೆ ಸೀಟಿ ಊದಿದ್ದೇ ತಡ, ಮಲ್ಲಕ್ಕ ಕುಡುಗೋಲು ಹಿಡಿದು ಗೋಲಿನ ಕಡೆ ಓಡಿದಳು. ಈಗ ಕೊಯ್ದರೂ ಸಾಕು ಎಂದು ಕೂತು ಕೈ ಹಾಕಿದಳು. ಅಷ್ಟರಲ್ಲಿ ಕಂಬಳಿಯ ಕಾಲುಗಾಪು ಕಟ್ಟಿದ ಮೂಡಲಗಿರಿಯಪ್ಪ ತಂಡ ಅದಲುಬದಲಾಗಿ ಆ ತುದಿಗೆ ಬಂದಿದ್ದ. ಆಕೆಯ ಮುಂಗೈ ಹಿಡಿದುಕೊಂಡ.

"ಬ್ಯಾಡಜ್ಜಿ. ಇರ್ಲಿ ಬಿಡು. ಈಗ ಇಲ್ಲಿ ನಾನು ನಿಲ್ತೀನಿ."

ನ್ಯಾಯ ಅಂದರೆ ಅದೂ ನ್ಯಾಯವೇ. ಅವರಿಗೆ ಒಂದು ಅರ್ಧ, ನಮಗೆ ಒಂದು ಅರ್ಧ. ಹೊಳಲ್ಕೆರೆಯ ಮೇಷ್ಟ್ರೂ ನಕ್ಕು ಸರಿ ಎಂದರು.

ಎರಡನೆಯ ಅರ್ಧದಲ್ಲಿ ನಾನು ಮೈಮರೆತು ಕೂಗುತ್ತಿದ್ದೆ. ಮಲ್ಲಕ್ಕ ನನ್ನ ಅಂಗಿಯ ತೋಳು ಹಿಡಿದು ಜಗ್ಗುತ್ತಿದ್ದಳು. "ಎಲ್ಲೈತೆ? ಯಾರ ತಾವ ಐತೆ? ಹೇಳ್ರಿ ಸ್ವಾಮಿ!"

"ಅಂಜನಪ್ಪನ ಹತ್ತಿರ."

"ಹಿಂದೆ ನೋಡ್ತಾ?"

ನಾನು ಕಣ್ಣು ನೆಟ್ಟು ನೋಡಿದೆ. ನೋಡಲಿಲ್ಲ! ಯಲ್ಲದಕೆರೆಯ ಹುಡುಗ ಒಂದು ಸಲವೂ ಕತ್ತು ತಿರುಗಿಸದೆ ನೆಟ್ಟಗೆ ಓಡಿದ, ಗೋಲಿನ ಮುಂದಿನ ಸುಣ್ಣದ ಗೆರೆ ದಾಟಿದ, ಹೊಡೆದ. "ಇಲ್ಲ ಮಲ್ಲಕ್ಕ, ಇಲ್ಲ! ಗೋಲು!" ಎಂದು ಅರಚಿದೆ. ಜನ ಎದ್ದು ನಿಂತರು. ಮಲ್ಲಕ್ಕ ಮಾತ್ರ ಕೂತಲ್ಲೇ ಕೂತು, "ಆಟ ಮುಗೀತಾ?" ಎಂದಳು.

ಮುಗಿದಿರಲಿಲ್ಲ. ಸಮ ಉಳಿಸಿಕೊಂಡರೆ ಸಾಕು, ಸೋಲಲ್ಲ. ಮೇಷ್ಟ್ರು ಗಡಿಯಾರ ನೋಡುತ್ತಿದ್ದಾರೆ. ಆಗ ಹೊಳಲ್ಕೆರೆಯವರು ಎಲ್ಲರೂ ಒಟ್ಟಾಗಿ ಉತ್ತರಕ್ಕೆ ನುಗ್ಗಿದರು. ಅವರ ಉದ್ದನೆಯ ಹುಡುಗನೊಬ್ಬ ಕೋಲನ್ನು ಹಿಂದಕ್ಕೆಳೆದು ಬಾರಿಸಿದ. ಮೂಡಲಗಿರಿಯಪ್ಪ ಎಡಕ್ಕೆ ಹಾರಿದ್ದ, ಚೆಂಡು ಬಲಕ್ಕೆ ಬಂತು. ಗೋಲು ಬರಿದಾಗಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

"ಹುಲ್ಲಿಗೆ ಬಿತ್ತು," ಎಂದಳು ಮಲ್ಲಕ್ಕ.

ಬಿದ್ದಿತ್ತು. ಕಡುಹಸಿರಿನ ನಡುವೆ ಬೆಳ್ಳಗೆ, ಗೆರೆಯಿಂದ ಒಂದು ಗೇಣು ಈಚೆಗೆ ನಿಂತಿತ್ತು. ಮೂಡಲಗಿರಿಯಪ್ಪ ತೆವಳಿಕೊಂಡು ಬಂದು, ಆಕೆ ಹೊಲಿದ ಕಂಬಳಿಯ ಕಾಲಿನಿಂದ ಅದನ್ನು ಒದ್ದು ಹೊರಗೆ ಕಳಿಸಿದ. ಸೀಟಿ ಊದಿತು. ಒಂದು, ಒಂದು.

ಜನ ಚದುರುವಾಗ ರೇವಣಸಿದ್ದಪ್ಪನವರು ಮೇಷ್ಟ್ರ ಹತ್ತಿರ ಬಂದರು. "ಗಾಡಿಗೆ ಬ್ಯಾರೆ ಜಾಗ ನೋಡಾಣ ಬಿಡ್ರಿ," ಎಂದರು. "ಮುಂದಿನ ವರ್ಷ ಮಾತ್ರ ಗೆಲ್ರಪ್ಪ!" ಎಂದೂ ಸೇರಿಸಿದರು. ಹುಡುಗರು ಹೋ ಎಂದರು. ಸೋಲದಿದ್ದುದಕ್ಕೆ ಇಷ್ಟು ಕುಣಿಯುವ ಹುಡುಗರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕುಣಿತ ಮುಗಿಸಿ ಅವರು ಮರದ ಕಡೆ ಓಡಿ ಬಂದರೆ ಮಲ್ಲಕ್ಕ ಅಲ್ಲಿರಲಿಲ್ಲ. ಕುರಿಗಳಿಗೆ ನೀರು ಕುಡಿಸಲು ಹೋಗಿದ್ದಳು.

ಮಾರನೆಯ ಬೆಳಗ್ಗೆ ಊರು ಬಿಡುವ ಮುಂಚೆ ನಾನು ಬಯಲಿಗೆ ಹೋಗುತ್ತೇನೆ. ಮತ್ತೆ ಅದೇ ಮಂಜು, ಕುರಿಗಳ ಅದೇ ಸಣ್ಣ ಸದ್ದು. ನಾನು ಗದರಿಸಿಕೊಳ್ಳದೆಯೇ ಮೆಟ್ಟು ಬಿಚ್ಚುತ್ತೇನೆ. ಮಲ್ಲಕ್ಕ ಉತ್ತರದ ಗೋಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಕುಡುಗೋಲು ಕೈಯಲ್ಲಿದೆ. ಅರ್ಧ ಹುಲ್ಲು ಆಗಲೇ ಕೊಯ್ದು ಪಕ್ಕಕ್ಕೆ ಬಿದ್ದಿದೆ.

"ಅಯ್ಯೋ, ಯಾಕೆ ಕೊಯ್ದೆ ಮಲ್ಲಕ್ಕ? ನಿಮ್ಮ ತಂಡವನ್ನು ಉಳಿಸಿದ್ದೇ ಆ ಹುಲ್ಲು!" ಎನ್ನುತ್ತೇನೆ.

ಆಕೆ ತಲೆ ಎತ್ತುವುದಿಲ್ಲ. "ಈ ಸಲ ಹುಲ್ಲು ಉಳಿಸ್ತು. ಮುಂದಿನ ಸಲ ಹುಡುಗ್ರೇ ಉಳಿಸ್ಕಬೇಕು. ಉಳಿಸ್ಕಳ್ತಾವೆ, ನೀವು ಬಂದು ನೋಡ್ರಿ."

ಇನ್ನೊಂದು ಹಿಡಿ ಕೊಯ್ಯುತ್ತಾಳೆ. ಅದನ್ನು ಮೂಗಿಗೆ ಹಿಡಿದು ಮೂಸುತ್ತಾಳೆ. ಮುಖದಲ್ಲಿ ಒಂದು ಸಣ್ಣ ನಗು ಬರುತ್ತದೆ.

"ಮಂದೆ ಹಾಕಿ ವರ್ಷ ಆಯ್ತಲ್ಲ ಸ್ವಾಮಿ. ಬೆಳೆ ಬಂತು. ಬಂದ ಮ್ಯಾಲೆ ಕೊಯ್ಬೇಕಲ್ಲ."